ಟೀಚರಮ್ಮ ಬರೀತಾ ಇದಾರೆ, ಸದ್ದು ಮಾಡ್ಬೇಡಿ

ಹಾಡು ಕೇಳಿಕೊಂಡು ಬರೆಯುವ ಚಟ ಇರುವವರಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತೆ. ನನಗಂತೂ ಬೇರೆಯವರಿಗಿಂತ ಒಂದು ಕೈ ಹೆಚ್ಚಾಗಿಯೇ ಆಗಿದೆ.

ನಾನು ಕನ್ನಡ ಟೀಚರು. ಮೊದಲು ಟೇಕಲ್ ಕಡೆ, ಆಮೇಲೆ ಶ್ರೀನಿವಾಸಪುರ, ಕೊನೆಗೆ ಮುಳಬಾಗಿಲು, ಹೀಗೆ ಕೋಲಾರ ಜಿಲ್ಲೆಯೊಳಗೇ ಸುತ್ತಿ ಸುತ್ತಿ ರಿಟೈರ್ ಆದೆ. ಕನ್ನಡ ಟೀಚರ್ ಅಂದಮೇಲೆ ಊರಿನವರ ಬರವಣಿಗೆಯೆಲ್ಲ ನಮ್ಮ ತಲೆಗೇ ಕಟ್ಟುತ್ತಾರೆ. ಮದುವೆ ಕಾರ್ಡು, ಸ್ವಾಗತ ಭಾಷಣ, ಬಿನ್ನವತ್ತಳೆ, ಶ್ರದ್ಧಾಂಜಲಿ, ಯಾವುದಕ್ಕೂ ನಾನು ಇಲ್ಲ ಅಂದವಳಲ್ಲ. ಆದರೆ ಬರೆಯುವಾಗ ಪಕ್ಕದಲ್ಲಿ ಒಂದು ಹಾಡೋ ವಾದ್ಯವೋ ಕೇಳಿಸುತ್ತಿರಬೇಕು. ಇಲ್ಲದಿದ್ದರೆ ಪೆನ್ನು ಮುಂದಕ್ಕೆ ಹೋಗಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದರೆ "ಮಾನ್ಯರೇ" ಅಂತ ಬರೆದು, ಅದರ ಕೆಳಗೊಂದು ಗೆರೆ ಎಳೆದು, ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದು, ಎದ್ದು ಹೋಗಿ ಕಾಫಿ ಕುಡಿಯುತ್ತೇನೆ.

ರಿಟೈರ್ ಆದಮೇಲೆ ಊರವರ ಬರವಣಿಗೆ ಸಾಕು, ನನ್ನದೇ ಒಂದು ಪುಸ್ತಕ ಬರೆಯೋಣ ಅಂತ ಹೊರಟೆ. ನಮ್ಮಮ್ಮ ಮುದ್ದೆ ತಿರುವುತ್ತಾ ಹೇಳುತ್ತಿದ್ದ ಕಥೆಗಳನ್ನೆಲ್ಲ ಸೇರಿಸಿ ಒಂದು ಕಾದಂಬರಿ. ಅದು ಅರ್ಧಕ್ಕೆ ಬಂದು ನಿಂತಿದೆ. ಅಮ್ಮ ಇಲ್ಲ, ಅವಳ ಕಥೆ ಗೊತ್ತಿರೋಳು ನಾನೊಬ್ಬಳೇ, ನನ್ನ ತಲೆಯೊಳಗೇ ಅದು ಮುಗಿದು ಹೋದರೆ ಏನು ಗತಿ ಅನ್ನೋದೇ ಈಗ ನನ್ನ ಸಂಕಟ. ಯಾಕೆ ನಿಂತಿತು ಅಂತ ಹೇಳಬೇಕಾದರೆ ಮೊದಲಿಂದ ಹೇಳಬೇಕು. ನಗುವವರು ನಗಿ, ನಾನೂ ನಗುತ್ತೇನೆ. ಆದರೆ ನಕ್ಕಾದಮೇಲೆ ಮನಸ್ಸಿಗೆ ಬೇಜಾರಾಗುತ್ತೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎದ್ದು ನಿಂತ ಹೆಡ್‌ಮಾಸ್ಟರು

ಟೇಕಲ್ ಕಡೆಯ ಸ್ಕೂಲಿನಲ್ಲಿದ್ದಾಗ ನಮ್ಮ ಹೆಡ್‌ಮಾಸ್ಟರು ರಿಟೈರ್ ಆದರು. ಒಳ್ಳೇ ಮನುಷ್ಯರು. ಬಿನ್ನವತ್ತಳೆ ನಾನು ಬರೆಯೋದು, ಅದಕ್ಕೆ ಫ್ರೇಮ್ ಹಾಕಿಸೋದು, ಸಮಾರಂಭದಲ್ಲಿ ಓದಿ ಅವರ ಕೈಗೆ ಕೊಡೋದು ಅಂತ ತೀರ್ಮಾನವಾಯಿತು. ಬಿಡುವಿನ ಪೀರಿಯಡ್ಡಿನಲ್ಲಿ ಮೊಬೈಲಲ್ಲಿ ಶಹನಾಯಿ ಹಾಕಿಕೊಂಡು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತೆ. ಅದನ್ನು ನುಡಿಸಿದ ಪುಣ್ಯಾತ್ಮರು ಆವತ್ತು ಯಾವ ದುಃಖದಲ್ಲಿದ್ದರೋ ಏನೋ, ಶಹನಾಯಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ನನ್ನ ಪೆನ್ನೂ ಅದರ ಹಿಂದೆಯೇ ಹೋಯಿತು.

"ನಿಮ್ಮ ನಗುಮುಖ ಇನ್ನು ನಮಗೆ ನೆನಪು ಮಾತ್ರ. ನೀವು ಕೂರುತ್ತಿದ್ದ ಕುರ್ಚಿ ನಿಮ್ಮನ್ನು ಹುಡುಕುತ್ತಿದೆ. ನೀವು ನೆಟ್ಟ ಹೊಂಗೆಯ ಎಲೆಯೆಲೆಯೂ ಕಣ್ಣೀರಿಡುತ್ತಿದೆ. ನೀವು ಎಲ್ಲೇ ಇದ್ದರೂ ನಮ್ಮನ್ನು ಹರಸುತ್ತಿರಿ."

ಎಲ್ಲೇ ಇದ್ದರೂ ಏನು ಬಂತು, ಎದುರಿಗೇ ಮೈಸೂರು ಪೇಟ ಇಟ್ಟುಕೊಂಡು ಕೂತಿದ್ದರು. ನಾನು ಮೈಕಿನಲ್ಲಿ ಓದುತ್ತಾ ಹೋದ ಹಾಗೆ ಮಕ್ಕಳು ಅಳೋಕೆ ಶುರು ಮಾಡಿದವು. ಅವರ ಹೆಂಡತಿ ಗಾಬರಿಯಾಗಿ ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಓದಿ ಮುಗಿಸುವ ಹೊತ್ತಿಗೆ ನಮ್ಮ ಪಿ.ಟಿ. ಮಾಸ್ಟರು, ಪಾಪ, ಅಭ್ಯಾಸಬಲ, ಎದ್ದು ನಿಂತು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡರು. ಅವರು ನಿಂತದ್ದು ನೋಡಿ ಇಡೀ ಸ್ಕೂಲು ಎದ್ದು ನಿಂತಿತು. ಸಭೆಯಲ್ಲಿ ಎಲ್ಲರೂ ನಿಂತಾಗ ತಾವೊಬ್ಬರೇ ಕೂತಿರೋದು ಚೆನ್ನಾಗಿರಲ್ಲ ಅಂತ ಹೆಡ್‌ಮಾಸ್ಟರೂ ಎದ್ದು, ಪೇಟ ತೆಗೆದು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತರು.

ಸಮಾರಂಭ ಮುಗಿದಮೇಲೆ ನಾನು ತಪ್ಪಿಸಿಕೊಂಡು ಹೋಗುತ್ತಿದ್ದರೆ ಅವರೇ ಕರೆದರು. "ಚೆನ್ನಾಗಿ ಬರೆದಿದೀರಿ ಮೇಡಮ್. ಕಣ್ಣು ಮುಚ್ಚಿ ನಿಂತಿದ್ನಲ್ಲ, ಒಂದು ಗಳಿಗೆ ನನಗೇ ಅನುಮಾನ ಬಂತು."

ಸಮಾರಾಧನೆಯ ಕಾರ್ಡು

ಶ್ರೀನಿವಾಸಪುರಕ್ಕೆ ವರ್ಗವಾದಮೇಲೆ ನಮಗೆ ಸಿಕ್ಕ ಬಾಡಿಗೆ ಮನೆಯ ಹಿಂದೆಯೇ ಒಂದು ಕಲ್ಯಾಣ ಮಂಟಪ. ನನಗೆ ಖುಷಿಯೋ ಖುಷಿ. ಮದುವೆ ಸೀಸನ್ನಿನಲ್ಲಿ ಪುಕ್ಕಟೆ ವಾದ್ಯ, ಮೊಬೈಲ್ ಚಾರ್ಜು ಉಳಿತಾಯ.

ಮನೆಯ ಓನರು ಮಾವಿನ ಮಂಡಿ ಇಟ್ಟಿದ್ದವರು. ಅವರ ತಾಯಿ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಕಾರ್ಡು ಬರೆದುಕೊಡಿ, ಅದನ್ನೇ ಫ್ಲೆಕ್ಸಿಗೂ ಹಾಕಿಸ್ತೀವಿ ಅಂದರು. ಅವರಿಗೆ ಮಾವಿನ ಲಾರಿಗಳ ಅವಸರ, ನನಗೂ ಅವಸರ. ನಾನು ಬರೆಯೋಕೆ ಕೂತ ಹೊತ್ತಿಗೆ ಸರಿಯಾಗಿ ಹಿಂದಿನ ಮಂಟಪದಲ್ಲಿ ಗಟ್ಟಿಮೇಳ ಶುರುವಾಯಿತು. ಡೋಲಿನವರು ಜೋರಾಗಿದ್ದರು. ಬರವಣಿಗೆ ನೀರು ಹರಿದ ಹಾಗೆ ಹರಿದು, ಒಂದೇ ಸಲಕ್ಕೆ ಮುಗಿದು ಹೋಯಿತು. ಓನರು ಓದದೆ ಪ್ರೆಸ್ಸಿಗೆ ಕಳಿಸಿದರು. ನಾನು ಓದದೆ ಕೊಟ್ಟಿದ್ದೆ.

ಫ್ಲೆಕ್ಸು ಬಸ್ ಸ್ಟ್ಯಾಂಡಿನ ಹತ್ತಿರ ಎದ್ದು ನಿಂತಾಗ ನೋಡಿದೆ. ಮೇಲೆ ಅಜ್ಜಿಯ ಫೋಟೋ. ಕೆಳಗೆ, "ಸಂತೋಷದಿಂದ ತಿಳಿಯಪಡಿಸುವುದೇನೆಂದರೆ, ಹಿರಿಯರ ಆಶೀರ್ವಾದದಿಂದ ನಮ್ಮ ಮಾತೃಶ್ರೀಯವರ ವೈಕುಂಠ ಸಮಾರಾಧನೆಯನ್ನು ವಿಜೃಂಭಣೆಯಿಂದ ಏರ್ಪಡಿಸಿದ್ದು, ತಾವು ಸಕುಟುಂಬ ಸಮೇತರಾಗಿ ಮುಂಚಿತವಾಗಿಯೇ ಆಗಮಿಸಿ ನಮ್ಮನ್ನು ಹರಸಬೇಕು. ಆಶೀರ್ವಾದವೇ ಉಡುಗೊರೆ."

ಮನೆ ಖಾಲಿ ಮಾಡಿಸುತ್ತಾರೆ ಅಂದುಕೊಂಡು ಅವರ ಮನೆಗೆ ಓಡಿ ಹೋದೆ. ಓನರು ಮಂಡಿಯಲ್ಲಿದ್ದರು. ಆ ಅಜ್ಜಿಯನ್ನು ಮದುವೆಯಾಗಿ ಬಂದ ದಿನದಿಂದ ಸುಧಾರಿಸಿಕೊಂಡು ಬಂದಿದ್ದ ಸೊಸೆ ಬಾಗಿಲಲ್ಲಿ ಸಿಕ್ಕರು. "ದೊಡ್ಡ ತಪ್ಪಾಯ್ತಮ್ಮ, ಹಿಂದೆ ವಾಲಗ ಊದ್ತಾ ಇದ್ರು, ಕೈ ತಪ್ಪಿ ಹೀಗೆ ಬರೆದುಬಿಟ್ಟೆ" ಅಂದೆ.

ಆಯಮ್ಮ ಒಳಗೆ ಯಾರಾದರೂ ಇದ್ದಾರಾ ಅಂತ ಒಂದು ಸಲ ತಿರುಗಿ ನೋಡಿ ಹತ್ತಿರ ಬಂದು ಹೇಳಿದರು. "ತಪ್ಪೇನಿಲ್ಲ ಮೇಡಮ್. ನಾನು ಬರೆದಿದ್ರೂ ಹೀಗೇ ಬರೀತಿದ್ದೆ."

ಬಿಂದಿಗೆ ಹೊತ್ತವಳು

ಮುಳಬಾಗಿಲಿನಲ್ಲಿ ಸ್ವಂತ ಮನೆ ಕೊಂಡುಕೊಂಡೆವು. ಅದನ್ನು ತೋರಿಸಿದ ಬ್ರೋಕರ್ ಒಂದು ಮಾತು ಹೇಳಿ ತಲೆ ಕೆರೆದುಕೊಂಡಿದ್ದ. "ಪಕ್ಕದಲ್ಲಿ ವಾದ್ಯದೋರ ಮನೆ ಇದೆ ಮೇಡಮ್, ಬೆಳಿಗ್ಗೆ ಸ್ವಲ್ಪ ಸದ್ದು." ಅಷ್ಟು ಹೇಳಿದ್ದೇ ಸಾಕು, ನಾನು ಅಡುಗೆಮನೆ ಕೂಡ ನೋಡದೆ ಆಗಲಿ ಅಂದೆ.

ಪಕ್ಕದ ಮನೆಯ ಯಜಮಾನರು ಹೆಸರಾಂತ ನಾದಸ್ವರದವರು. ಎಪ್ಪತ್ತು ದಾಟಿತ್ತು. ಆ ಹೊತ್ತಿಗಾಗಲೇ ಮದುವೆಗಳಿಗೆ ಮಗ ಹೋಗುತ್ತಿದ್ದ, ಇವರು ಮನೆಯಲ್ಲೇ ಸಾಧನೆ ಮಾಡುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಜಗಲಿಯ ಮೇಲೆ ಕೂತು ನುಡಿಸೋಕೆ ಶುರು ಮಾಡಿದರೆ ನನ್ನ ಕಿಟಕಿಯ ಒಳಗೇ ಬಂದು ಕೂತ ಹಾಗೆ ಕೇಳಿಸೋದು. ಅಮ್ಮನ ಕಥೆಯ ಮೊದಲನೇ ಸಾಲು ನನಗೆ ಸಿಕ್ಕಿದ್ದು ಅವರ ತೋಡಿ ಕೇಳುತ್ತಾ. ಅವರು ರಾಗ ಬೆಳೆಸಿದ ಹಾಗೆ ನಾನು ಕಥೆ ಬೆಳೆಸುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ಯಾವತ್ತೂ ಬರೆದಿಲ್ಲ, ಇದನ್ನು ಬೇಕಾದರೆ ದೇವರ ಮುಂದೆ ಹೇಳುತ್ತೇನೆ.

ಒಂದೇ ತೊಂದರೆ. ಕೆಲವು ತಿಂಗಳಾದಮೇಲೆ ಯಜಮಾನರು ಒಂದೇ ಸಾಲನ್ನು ಹಿಡಿದುಕೊಂಡು ಮತ್ತೆ ಮತ್ತೆ ನುಡಿಸೋಕೆ ಶುರು ಮಾಡಿದರು. ಮೇಲಕ್ಕೆ ಹೋಗೋದು, ನಿಲ್ಲಿಸೋದು, ಮತ್ತೆ ಮೊದಲಿಂದ. ಆಹಾ, ಈ ವಯಸ್ಸಿನಲ್ಲೂ ಎಂಥಾ ಸಾಧನೆ ಅಂತ ನಾನು ಕಿಟಕಿಯೊಳಗಿಂದಲೇ ಕೈ ಮುಗಿಯುತ್ತಿದ್ದೆ. ಆದರೆ ಅವರು ಮುಂದೆ ಹೋಗದೆ ನನ್ನ ಕಥೆಯೂ ಮುಂದೆ ಹೋಗುತ್ತಿರಲಿಲ್ಲ.

ನಾನು ಬರೆದದ್ದನ್ನು ಓದುವವರು ನಮ್ಮ ಮನೆಯವರು. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಎಲ್ಲದರಲ್ಲೂ ತಪ್ಪು ಹುಡುಕೋದೇ ಸ್ವಭಾವ. ಒಂದು ದಿನ ಕನ್ನಡಕ ಇಳಿಸಿ ಕೇಳಿದರು. "ಏನೇ ಇದು, ನಿನ್ನ ಕಥೆಯಲ್ಲಿ ಇವಳು ತುಂಬಿದ ಬಿಂದಿಗೆ ಹೊತ್ಕೊಂಡು ಹೊಸಿಲ ಮೇಲೆ ನಿಂತು ಮೂರು ಅಧ್ಯಾಯ ಆಯ್ತು. ಒಳಗಾದ್ರೂ ಕರ್ಕೊಳ್ಳೇ, ಪಾಪ, ಸೊಂಟ ಬಿದ್ದು ಹೋಗುತ್ತೆ."

"ನಾನೇನ್ರೀ ಮಾಡ್ಲಿ" ಅಂದೆ. "ಪಕ್ಕದ ಮನೆಯವರು ಬಿಟ್ರೆ ತಾನೇ ಅವಳು ಒಳಗೆ ಬರೋದು."

ಪಿಸುಮಾತಿನ ಸೊಪ್ಪು

ಬರೆದಷ್ಟರಲ್ಲೇ ಒಂದು ಅಧ್ಯಾಯವನ್ನು ಪತ್ರಿಕೆಗೆ ಕಳಿಸಿದೆ. ಭಾನುವಾರದ ಪುರವಣಿಯಲ್ಲಿ ನನ್ನ ಫೋಟೋ ಸಮೇತ ಬಂದುಬಿಟ್ಟಿತು. ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು.

ಯಜಮಾನರು ಸೊಸೆಯ ಕೈಲಿ ಓದಿಸಿ ಕೇಳಿದರಂತೆ. ಶಲ್ಯ ಹೊದ್ದು, ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಗೆ ಬಂದರು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತೆ ಅಂತ ಅವರಿಗೇ ಗೊತ್ತಿಲ್ಲ.

"ಏಮ್ಮಾ ಟೀಚರಮ್ಮಾ, ಪಕ್ಕದಲ್ಲಿ ಇಷ್ಟು ದೊಡ್ಡ ಕೆಲಸ ನಡೀತಾ ಐತೆ, ನಾನು ದಿನಾ ಬೆಳಿಗ್ಗೆ ಕೂತ್ಕೊಂಡು ಊದಿ ಊದಿ ಕೆಡಿಸ್ತಾ ಇದ್ದೀನಿ. ಒಂದು ಮಾತು ಹೇಳ್ಬಾರ್ದಾ ತಲ್ಲೀ? ನಾಳೆಯಿಂದ ನಾನು ಸಾಧನೆಗೆ ಕೆರೆ ಏರಿ ಮೇಲೆ ಹೋಗ್ತೀನಿ."

"ಅಯ್ಯೋ, ಹಾಗೆಲ್ಲ ಬೇಡಿ ಯಜಮಾನ್ರೇ, ನನಗೆ ಏನೂ ತೊಂದರೆ ಇಲ್ಲ, ಇಲ್ಲೇ ನುಡಿಸಿ" ಅಂದೆ. ಒಂದು ಸಲ ಅಲ್ಲ, ಬಾಗಿಲ ತನಕ ಹಿಂದೆ ಹಿಂದೆ ಹೋಗಿ ಹೇಳಿದೆ. ಆದರೆ ನಮ್ಮ ಕಡೆ ತೊಂದರೆ ಇಲ್ಲ ಅಂದರೆ ಅದು ಮರ್ಯಾದೆಗೆ ಅಂದದ್ದು ಅಂತಲೇ ಲೆಕ್ಕ. ಸಾಕು ಸಾಕು ಅಂತ ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಕೈ ಸರಿಸಿ ಇನ್ನೊಂದು ಮುದ್ದೆ ಇಡುವ ಜನ ನಾವು. ನಾನು ಬೇಡ ಅಂದಷ್ಟೂ ಅವರು "ನಿಮ್ಮ ಗುಣ ದೊಡ್ಡದು" ಅನ್ನುತ್ತಾ ಹೊರಟುಹೋದರು.

ಹೋಗುತ್ತಾ ಸುಮ್ಮನೆ ಹೋಗಲಿಲ್ಲ, ಇಡೀ ಬೀದಿಗೆ ಹೇಳಿ ಹೋದರು. ಟೀಚರಮ್ಮ ಬರೀತಾ ಇದಾರೆ, ಸದ್ದು ಮಾಡ್ಬೇಡಿ. ಅಂಥ ಹಿರಿಯರು ಊದೋದು ಬಿಟ್ಟಮೇಲೆ ಉಳಿದವರದೇನು? ಎದುರುಮನೆಯವರು ಕುಕ್ಕರನ್ನು ಹಿತ್ತಲಿಗೆ ಸಾಗಿಸಿದರು. ಟೊಮೆಟೊ ಟೆಂಪೋದವನು ತಿರುವಿನಲ್ಲೇ ಇಂಜಿನ್ ಆಫ್ ಮಾಡುತ್ತಿದ್ದ, ನಾಲ್ಕು ಜನ ಸೇರಿ ಗಾಡಿಯನ್ನು ನಮ್ಮ ಮನೆ ದಾಟಿಸುತ್ತಿದ್ದರು. ನಾಯಿ ಬೊಗಳಿದರೂ ಯಾರಾದರೂ ಓಡಿ ಬಂದು ಬಿಸ್ಕತ್ತು ಹಾಕೋರು. ಒಳಗೆ ನಾನು ಒಂದು ಅಕ್ಷರ ಬರೆಯಲಾಗದೆ ಫ್ಯಾನು ನೋಡುತ್ತಾ ಕೂತಿರುತ್ತಿದ್ದೆ.

ಸೊಪ್ಪು ಮಾರುವ ಆಯಮ್ಮನ ಕೂಗು ಕೇಳಿದರೆ ಹೈವೇಯಲ್ಲಿ ಹೋಗೋರೂ ತಿರುಗಿ ನೋಡಬೇಕು, ಅಂಥ ಗಂಟಲು. ಅವಳೂ ಕೂಗೋದು ನಿಲ್ಲಿಸಿದಳು. ಸದ್ದಾಗದ ಹಾಗೆ ಬಂದು, ಕಿಟಕಿಯ ಸರಳಿಗೆ ಬಾಯಿ ಇಟ್ಟು, "ದಂಟಿನ ಸೊಪ್ಪೈತೆ, ಬೇಕಾ?" ಅಂತ ಉಸಿರಿನಲ್ಲೇ ಕೇಳುತ್ತಿದ್ದಳು.

ನಮ್ಮ ಮನೆಯವರು ಒಳಗಿಂದ ಬಂದು ಅವಳಿಗಿಂತ ಮೆಲ್ಲಗೆ ಕೇಳಿದರು. "ಯಾಕಮ್ಮಾ, ಎಲ್ಲಿಂದಾದ್ರೂ ಕದ್ದು ತಂದಿದ್ಯಾ?"

ತಟ್ಟೆ ಹಿಡಿದು ಹೋದದ್ದು

ಹೀಗೇ ಆದರೆ ಬಿಂದಿಗೆ ಹೊತ್ತವಳು ಹೊಸಿಲ ಮೇಲೆ ಪ್ರಾಣ ಬಿಡುತ್ತಾಳೆ ಅನ್ನಿಸಿತು. ನೇರವಾಗಿ ಹೋಗಿ ಹೇಳೋದೇ ಸರಿ ಅಂತ ಗಟ್ಟಿ ಮನಸ್ಸು ಮಾಡಿದೆ. ಆದರೆ ವಾದ್ಯದ ಹಿರಿಯರನ್ನು ಬರೀ ಬಾಯಲ್ಲಿ "ಬಂದು ಊದಿ" ಅನ್ನೋ ಹಾಗಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಹಣ್ಣು, ಹೂವು ಇಟ್ಟು ಕರೆಯೋದು ಪದ್ಧತಿ. ಮರ್ಯಾದೆಯಾಗಿ ಕೇಳೋಣ ಅಂತ ನಾನೂ ತಟ್ಟೆ ಸಿದ್ಧ ಮಾಡಿಕೊಂಡು, ರೇಷ್ಮೆ ಅಂಚಿನ ಸೀರೆ ಉಟ್ಟು ಪಕ್ಕದ ಮನೆಗೆ ಹೋದೆ. ಅದೇ ಯಡವಟ್ಟಾಯಿತು.

ತಟ್ಟೆ ನೋಡಿದ್ದೇ ತಡ, ಯಜಮಾನರ ಮುಖ ಸಣ್ಣದಾಯಿತು. "ಯಾರ ಮದುವೆ ತಲ್ಲೀ?" ಅಂದರು.

ಅಷ್ಟರಲ್ಲಿ ಸೊಸೆ ಕಾಫಿ ತಂದಳು. ಡೋಲು ಬಿಗಿಯುತ್ತಿದ್ದ ಮಗ ಎದ್ದು ಬಂದು ನಿಂತ. ಅಷ್ಟು ಜನರ ಮುಂದೆ ಏನಂತ ಹೇಳೋದು? ಯಾರ ಮದುವೆಯೂ ಇಲ್ಲ, ನಾನು ಬರೆಯುವಾಗ ಪಕ್ಕದಲ್ಲಿ ನೀವು ರೇಡಿಯೋ ಥರ ಕೇಳಿಸ್ತಾ ಇರಿ ಅನ್ನೋದಾ? ದೇವರ ಮುಂದೆ ನುಡಿಸಿದ ಕಲಾವಿದರು ಅವರು. ಬಾಯಿಂದ ಬಂದದ್ದು ಒಂದೇ ಮಾತು. "ಮಗಂದು."

"ಯಾವಾಗ?" ಅಂದರು. ಆ ದನಿಯಲ್ಲಿ ಖುಷಿಯೇ ಇರಲಿಲ್ಲ.

"ಇನ್ನೂ ಹೆಣ್ಣು ನೋಡ್ಬೇಕು."

"ಹಂಗಾ" ಅಂತ ದೊಡ್ಡದಾಗಿ ಉಸಿರು ಬಿಟ್ಟರು. "ನಿಧಾನವಾಗಿ ನೋಡಿ ಅಮ್ಮಾ. ಅವಸರ ಮಾಡ್ಬೇಡಿ. ಈ ಕಾಲದಲ್ಲಿ ಒಳ್ಳೇ ಸಂಬಂಧ ಸಿಗೋದು ಕಷ್ಟ. ಒಂದೆರಡು ವರ್ಷ ಹೋದ್ರೂ ಪರವಾಗಿಲ್ಲ."

ವಾದ್ಯ ಒಪ್ಪಿಕೊಳ್ಳುವವರು ಮದುವೆ ತಡವಾಗಲಿ ಅಂತ ಹಾರೈಸಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಬಂದೆ. ಬೀದಿಯವರೆಲ್ಲ ಸಿಹಿ ಯಾವಾಗ ಅಂತ ಪಿಸುಪಿಸು ಕೇಳೋಕೆ ಶುರು ಮಾಡಿದರು, ಜೋರಾಗಿ ಕೇಳೋ ಹಾಗಿಲ್ಲವಲ್ಲ. ಸಂಜೆಗೆ ಮಾಲೂರಿನಿಂದ ಮಗನ ಫೋನು ಬಂತು. ಅವನು ಅಲ್ಲಿ ಹಂಚಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಅಪ್ಪನ ಬುದ್ಧಿಯೇ ಅವನಿಗೂ.

"ಅಮ್ಮಾ, ನನ್ನ ಮದುವೆಗೆ ವಾದ್ಯ ಗೊತ್ತಾಯ್ತಂತೆ. ಸಂತೋಷ. ಹುಡುಗಿ ಗೊತ್ತಾದಾಗ ನನಗೂ ಒಂದು ಕಾರ್ಡ್ ಕಳಿಸು, ರಜೆ ಹಾಕ್ಬೇಕು."

ಭಜನೆ ಮಂದಿರದಲ್ಲಿ

ಆಮೇಲೆ ಮತ್ತೆ ಮೊಬೈಲಿಗೇ ಶರಣಾದೆ. ಬಿನ್ನವತ್ತಳೆಗೆ ಮೊಬೈಲ್ ಸಾಕಾಗುತ್ತಿತ್ತು, ಪುಸ್ತಕಕ್ಕೆ ಸಾಲಲಿಲ್ಲ. ನಾದಸ್ವರ ಹಾಕಿದರೆ ಅಮ್ಮನ ಕಥೆಯ ಕಣ್ಣೀರಿನ ಜಾಗಕ್ಕೆ ಸರಿಯಾಗಿ ಬಟ್ಟೆ ಸೋಪಿನ ಜಾಹೀರಾತು ಬರೋದು. ಹಳೇ ಹಾಡಾದರೂ ಆಗಲಿ, ಕುಣಿಯುವ ಹಾಡಾದರೂ ಆಗಲಿ, ಒಟ್ಟಿನಲ್ಲಿ ಪೆನ್ನು ಓಡಲಿ ಅನ್ನುವ ಸ್ಥಿತಿಗೆ ಬಂದಿದ್ದೆ.

ಒಂದು ಶನಿವಾರ ಬೆಳಿಗ್ಗೆ ಕೂತು ಒಂದು ಕುಣಿಯುವ ಹಾಡನ್ನೇ ಒತ್ತಿದೆ. ಮೊಬೈಲಿನಿಂದ ಸದ್ದೇ ಇಲ್ಲ. ಇನ್ನೊಂದು ಒತ್ತಿದೆ, ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ, ಇಲ್ಲ. ಹಾಳಾಗಿ ಹೋಗಲಿ ಅಂತ ಪಕ್ಕಕ್ಕೆ ಇಟ್ಟರೆ, ಆಶ್ಚರ್ಯ, ಹೊರಗಡೆ ಎಲ್ಲಿಂದಲೋ ಭರ್ಜರಿ ಹಾಡು ತೇಲಿ ಬರುತ್ತಿದೆ. ಎಷ್ಟು ದಿನಕ್ಕೆ ಈ ಬೀದಿಯಲ್ಲಿ ಸದ್ದು ಕೇಳಿದೆ! ಯಾರೋ ನನ್ನ ಹಾಗೇ ರುಚಿ ಇರುವವರು ಇದ್ದಾರೆ, ನನಗೆ ಇಷ್ಟವಾದ ಹಾಡುಗಳನ್ನೇ ಹಾಕಿದ್ದಾರೆ, ಹೊಟ್ಟೆ ತಣ್ಣಗಿರಲಿ ಅಂತ ಹರಸುತ್ತಾ ಪೆನ್ನು ತೆಗೆದೆ. ಬಿಂದಿಗೆ ಹೊತ್ತವಳು ಒಂದು ಕಾಲು ಮುಂದಿಟ್ಟಳು.

ಅಷ್ಟರಲ್ಲಿ ಕೆರೆ ಕಡೆಯಿಂದ ಬರುತ್ತಿದ್ದ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಬೀದಿಯಲ್ಲಿ ಓಡೋದು ಕಾಣಿಸಿತು. "ಯಾವನ್ಲಾ ಅದು, ಟೀಚರಮ್ಮ ಬರೆಯೋ ಹೊತ್ತಲ್ಲಿ" ಅಂತ ಬೈಯುತ್ತಾ ಎದುರಿನ ಭಜನೆ ಮಂದಿರದೊಳಗೆ ಹೋಗಿ ವೈರು ಕಿತ್ತೆಸೆದರು. ಹಾಡು ನಿಂತಿತು. ಅವಳ ಕಾಲು ಹಿಂದಕ್ಕೆ ಬಂತು.

ವಿಷಯ ಇಷ್ಟೆ. ಹಿಂದಿನ ಹಬ್ಬಕ್ಕೆ ಭಜನೆ ಮಂದಿರದ ಹೊಸ ಸ್ಪೀಕರಿಗೆ ನನ್ನ ಮೊಬೈಲನ್ನು ಬ್ಲೂಟೂತ್ ಮಾಡಿ ಸ್ತೋತ್ರ ಹಾಕಿದ್ದರು. ಆ ಸಂಬಂಧ ಹಾಗೇ ಉಳಿದುಕೊಂಡಿತ್ತು. ನಾನು ಒತ್ತಿದ್ದೆಲ್ಲ ಅಲ್ಲಿ ಮೊಳಗಿದೆ. ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡೆ. ಸಂಜೆ ದೀಪ ಹಚ್ಚೋಕೆ ಹೋದಾಗ ಅರ್ಚಕರು ಮಾತ್ರ ಹತ್ತಿರ ಬಂದರು. ಸ್ಪೀಕರಿನ ಮೇಲೆ ನನ್ನ ಹೆಸರು ಬಂದಿದ್ದನ್ನು ಅವರು ನೋಡಿದ್ದರಂತೆ.

"ಯಾರಿಗೂ ಹೇಳಿಲ್ಲ ಮೇಡಮ್" ಅಂದರು. "ಮಂಗಳಾರತಿ ಹೊತ್ತಿಗೆ ಬಂತಲ್ಲ, ಎರಡನೇ ಹಾಡು, ಅದನ್ನ ನನಗೆ ವಾಟ್ಸಪ್ ಮಾಡಿ."

ಕೆರೆ ಏರಿ ಮೇಲೆ

ಕೊನೆಗೆ ನನಗೊಂದು ಉಪಾಯ ಹೊಳೆಯಿತು, ಯಾಕೆ ಮೊದಲೇ ಹೊಳೆಯಲಿಲ್ಲವೋ. ಯಜಮಾನರು ದಿನಾ ಬೆಳಿಗ್ಗೆ ನಾದಸ್ವರವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಕೆರೆ ಏರಿಗೆ ಹೋಗುತ್ತಿದ್ದರು. ವಾದ್ಯ ನನ್ನ ಹತ್ತಿರ ಬರದಿದ್ದರೆ ನಾನೇ ವಾದ್ಯದ ಹತ್ತಿರ ಹೋದರಾಯಿತು. ಯಾರನ್ನೂ ಕೇಳಬೇಕಾಗಿಲ್ಲ, ತಟ್ಟೆ ಬೇಕಾಗಿಲ್ಲ. ದೂರದಲ್ಲಿ ಮರದ ಮರೆಯಲ್ಲಿ ಕೂತು ಬರೆದುಕೊಂಡು ಬರೋದು.

ಹಾಳೆ, ಪೆನ್ನು, ಕೂರೋಕೆ ಒಂದು ಚಾಪೆ ಹಿಡಿದು ಹೋದೆ. ಅವರು ಏರಿಯ ಮೇಲೆ ಒಂದು ಬಂಡೆ ಹತ್ತಿ ಕೂತರು. ನಾನು ಹೊಂಗೆ ಮರದ ಹಿಂದೆ ಚಾಪೆ ಹಾಸಿದೆ. ಪೆನ್ನು ತೆಗೆದು ಕಾದೆ. ಸ್ನಾನ ಮಾಡಿ ಬಂದವಳ ಹಾಗೆ ಮನಸ್ಸು ಹಗುರಾಗಿತ್ತು. ಇವತ್ತು ಅವಳನ್ನು ಒಳಗೆ ಕರೆದುಕೊಂಡು ಬಿಂದಿಗೆ ಇಳಿಸೇ ಇಳಿಸುತ್ತೇನೆ ಅಂದುಕೊಂಡೆ. ಕಾದೆ, ಕಾದೆ, ಸದ್ದೇ ಇಲ್ಲ. ಶ್ರುತಿ ಸೇರಿಸೋ ಸದ್ದು ಕೂಡ ಇಲ್ಲ. ಇಣುಕಿ ನೋಡಿದೆ. ಚೀಲದ ಗಂಟು ಬಿಚ್ಚಿರಲಿಲ್ಲ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನೀರಿನಲ್ಲಿ ನಿಂತಿದ್ದ ಕೊಕ್ಕರೆ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದಮೇಲೆ ಜೇಬಿನಿಂದ ನೆನೆಸಿದ ಕಡಲೆಬೀಜ ತೆಗೆದು ಒಂದೊಂದೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಒಸಡಿನಲ್ಲಿ ಅರೆಯೋಕೆ ಶುರು ಮಾಡಿದರು.

ನನಗೆ ತಡೆಯಲಾಗಲಿಲ್ಲ, ಎದ್ದು ಹೋದೆ. ನನ್ನನ್ನು ನೋಡಿ ಗಡಿಬಿಡಿಯಲ್ಲಿ ಚೀಲದ ಗಂಟಿಗೆ ಕೈ ಹಾಕಿದರು. ಆಮೇಲೆ ಬಿಟ್ಟುಬಿಟ್ಟರು.

"ಯಜಮಾನ್ರೇ" ಅಂದೆ, "ಇನ್ನು ಮುಚ್ಚಿಡಲ್ಲ. ನೀವು ನುಡಿಸಿದ್ರೇನೇ ನನಗೆ ಬರೆಯೋಕಾಗೋದು. ಬೀದಿ ಸುಮ್ಮನಾದ್ಮೇಲೆ ನಾನು ಒಂದು ಪುಟ ಬರೆದಿಲ್ಲ. ಆವತ್ತು ತಟ್ಟೆ ತಂದಿದ್ದು ಮದುವೆಗಲ್ಲ, ಇದನ್ನ ಕೇಳೋಕೆ. ದಯವಿಟ್ಟು ವಾಪಸ್ ಬನ್ನಿ. ಜಗಲಿ ಮೇಲೆ ಕೂತು ನುಡಿಸಿ."

ಅವರು ಚೀಲವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. "ಇದನ್ನ ಆವಾಗಲೇ ಕೇಳಿದ್ರೂ ನನ್ನ ಕೈಲಿ ಆಗ್ತಿರಲಿಲ್ಲ ತಲ್ಲೀ" ಅಂದರು. "ಉಸಿರು ಸಾಲಲ್ಲ. ಮುಂದಿನ ಹಲ್ಲೂ ಹೋದ್ವು, ತುಟೀಲಿ ಪೀಪಿ ನಿಲ್ಲಲ್ಲ. ಕೊನೆ ಕೊನೆಗೆ ಒಂದೇ ಸಾಲು ನುಡಿಸ್ತಾ ಇದ್ನಲ್ಲ, ನೀವು ಕೇಳಿಸ್ಕೊಂಡಿರ್ತೀರಿ."

"ಅದು ಸಾಧನೆ ಅಂದ್ಕೊಂಡಿದ್ದೆ."

"ಸಾಧನೆ ಎಲ್ಲಿ ಬಂತು. ಅಲ್ಲಿಂದ ಮುಂದಕ್ಕೆ ಹೋಗೋಕೇ ಆಗ್ತಿರಲಿಲ್ಲ."

ಬಂಡೆಯ ಮೇಲೆ ಅವರ ಪಕ್ಕದಲ್ಲೇ ಕೂತೆ. ಅವರೇ ಮುಂದುವರಿಸಿದರು. "ಬೀದಿಯೋರು ಯಾಕೆ ನಿಲ್ಲಿಸಿದ್ರಿ ಅಂದ್ರೆ ಏನು ಹೇಳ್ಲಿ? ಮಗನ ಮುಂದೆ, ಸೊಸೆ ಮುಂದೆ ಏನು ಹೇಳ್ಲಿ? ಇಷ್ಟು ಕಾಲ ತಲೆ ಎತ್ಕೊಂಡು ಬದುಕಿದೋನು. ಅಷ್ಟರಲ್ಲಿ ನಿಮ್ಮ ಕಥೆ ಪೇಪರ್ನಾಗೆ ಬಂತು. ದೇವರೇ ಕಳಿಸಿದ ಹಂಗಾಯ್ತು. ಟೀಚರಮ್ಮ ಬರೀತಾ ಇದಾರೆ, ಅದಕ್ಕೇ ಮನೇಲಿ ನುಡಿಸಲ್ಲ ಅಂದೆ. ಎಲ್ಲಾರೂ ನಂಬಿದ್ರು. ದಿನಾ ಈ ಚೀಲ ಹಿಡ್ಕೊಂಡು ಇಲ್ಲಿ ಬಂದು ಕೂತಿದ್ದು ಹೋಗ್ತೀನಿ."

ನನಗೆ ಅಳು ಬಂತು. ಅಮ್ಮನ ಕಥೆಗೆ ಅಳು ಬಂತೋ ಈ ಹಿರಿಯರ ಅವಸ್ಥೆಗೆ ಬಂತೋ ಹೇಳಲಾರೆ, ಎರಡಕ್ಕೂ ಬಂದಿರಬೇಕು. ಅವರು ಕಡಲೆಬೀಜ ಕೊಟ್ಟರು, ತಿಂದೆ.

"ಪುಸ್ತಕ ಎಷ್ಟು ಆಗೈತೆ?" ಅಂತ ಮೆಲ್ಲಗೆ ಕೇಳಿದರು.

"ಅರ್ಧ ಆಗಿದೆ."

"ಅಯ್ಯೋ, ಅಷ್ಟೊಂದಾ?" ಅಂತ ಬೆಚ್ಚಿಬಿದ್ದರು. ಆಮೇಲೆ ಕೈ ಮುಗಿದರು. ನನಗಿಂತ ಎಷ್ಟೋ ದೊಡ್ಡವರು, ನನಗೆ ಕೈ ಮುಗಿದರು. "ಮುಗಿಸ್ಬೇಡಿ ತಲ್ಲೀ. ನೀವು ಮುಗಿಸಿದ್ರೆ ನಾನು ನುಡಿಸ್ಬೇಕಾಗುತ್ತೆ."

ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ಅವರೂ ಹಲ್ಲಿಲ್ಲದ ಬಾಯಿ ತೆಗೆದು ನಕ್ಕರು. ಕಣ್ಣು ಒರೆಸಿಕೊಂಡು ಇಬ್ಬರೂ ಎದ್ದೆವು. ಅವರು ಚೀಲವನ್ನು ಹೆಗಲಿಗೆ ಹಾಕಿಕೊಂಡರು, ನಾನು ಚಾಪೆ ಸುತ್ತಿಕೊಂಡೆ.

ಬೀದಿಯ ತಿರುವಿನಲ್ಲಿ ಸೊಪ್ಪಿನ ಆಯಮ್ಮ ಎದುರಾದಳು. ಬುಟ್ಟಿ ಇಳಿಸಿ, ಅಕ್ಕಪಕ್ಕ ನೋಡಿ, ಪಿಸುಗುಟ್ಟಿದಳು. "ಟೀಚರಮ್ಮಾ, ತಪ್ಪು ತಿಳ್ಕೋಬೇಡಿ. ಆ ಪುಸ್ತಕ ಯಾವಾಗ ಮುಗೀತೈತೆ? ಗಂಟಲು ಬಿಟ್ಟು ಕೂಗಿ ಎಷ್ಟು ಕಾಲ ಆಯ್ತು. ವ್ಯಾಪಾರನೇ ಇಲ್ಲ. ಯಜಮಾನ್ರ ವಾದ್ಯನೂ ಕೇಳಿಲ್ಲ, ಅದು ಕೇಳಿದ್ರೆ ದಿನ ಚೆನ್ನಾಗಿರ್ತಿತ್ತು."

ನಾನು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಎಲ್ಲಿ ಮುಗಿಯುತ್ತಮ್ಮಾ" ಅಂದೆ. "ಇನ್ನೂ ಅರ್ಧ ಹಾಗೇ ಇದೆ. ಅದು ಆದ್ಮೇಲೆ ಎರಡನೇ ಭಾಗ ಬೇರೆ ಬರೀಬೇಕು."

ಅವಳು ತಲೆಗೆ ಕೈ ಹಚ್ಚಿಕೊಂಡಳು, ಅದನ್ನೂ ಸದ್ದಾಗದ ಹಾಗೆ. ಯಜಮಾನರು ಅವಳಿಗೆ ಗಂಭೀರವಾಗಿ ಹೇಳಿದರು. "ದೊಡ್ಡೋರ ಕೆಲಸ ಕಣಮ್ಮಾ, ಅವಸರ ಮಾಡಿದ್ರೆ ಆಗಲ್ಲ." ಹೇಳಿ, ಎದೆ ಮುಂದೆ ಮಾಡಿಕೊಂಡು, ಚೀಲ ಎಲ್ಲರಿಗೂ ಕಾಣುವ ಹಾಗೆ ಹಿಡಿದು ಬೀದಿಯ ನಡುವೆ ನಡೆದು ಹೋದರು.

ನಾನು ಒಳಗೆ ಬಂದು, ಕಿಟಕಿ ಪೂರ್ತಿ ತೆಗೆದು, ಬೀದಿಯವರಿಗೆ ಚೆನ್ನಾಗಿ ಕಾಣುವ ಹಾಗೆ ಪೆನ್ನು ಹಿಡಿದು ಕೂತೆ.